ಬಾರಿ ಹಣ್ಣು, ಹಕ್ಕರಕಿ ಆರಿಸಲು ಬುಟ್ಟಿ: ಅಡಿ (ತಳ) ಹೆಣೆದ ಮೇಲೆ ಕಡ್ಡಿ ಮುರಿಯುತ್ತಿದೆ, ಬಲ್ಲವರು ಹೇಳಿ

ಗುಡ್ಡದ ಸಾಲು (ಗುಳೇದಗುಡ್ಡ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲದ ಬದುವಿನಲ್ಲಿ ಬಾರಿ ಹಣ್ಣು (ಬೋರೆ ಹಣ್ಣು) ಶುರುವಾಗಿದೆ. ಬಿಳಿಜೋಳದ ಸಾಲಿನಲ್ಲಿ ಹಕ್ಕರಕಿ ಸೊಪ್ಪೂ ಎದ್ದಿದೆ. ಹೋದ ಭಾನುವಾರ ಪ್ಲಾಸ್ಟಿಕ್ ಚೀಲ ಹಿಡಿದು ಹೋಗಿದ್ದೆ. ಎರಡು ತಾಸು ಬಿಸಿಲಿನಲ್ಲಿ ಅಡ್ಡಾಡಿ ಮನೆಗೆ ಬಂದು ಚೀಲ ಬಿಚ್ಚಿದರೆ ಒಳಗೆಲ್ಲ ಬೆವರು. ಹಕ್ಕರಕಿ ಬೇಯಿಸಿದ ಹಾಗೆ ಮೆತ್ತಗಾಗಿತ್ತು. ತಳದ ಹಣ್ಣು ಜಜ್ಜಿ ಹೋಗಿತ್ತು. ಅವ್ವ ಒಂದು ಸಲ ಮೂಸಿ ನೋಡಿ ಎಮ್ಮೆಯ ಮುಂದೆ ಸುರಿದಳು.

ಮೊದಲು ಮನೆಯಲ್ಲಿ ಅಜ್ಜಿಯದೊಂದು ಬುಟ್ಟಿ ಇತ್ತು. ಅಡಿ ಕಿತ್ತು ಹೋದ ಮೇಲೆ ಕೋಳಿ ಮುಚ್ಚಲು ಬಳಸಿದೆವು, ಆಮೇಲೆ ಒಲೆಗೆ ಹೋಯಿತು. ಅದರಂಥದ್ದೇ ಒಂದನ್ನು ನಾನೇ ಹೆಣೆಯೋಣ ಅಂತ ಮನಸ್ಸಾಯಿತು. ಪೇಟೆಯ ಒಂದು ಅಂಗಡಿಯಿಂದ ಬಿದಿರ ಬೊಂಬು ತಂದೆ. ಅಂಗಡಿಯವರು "ಬುಟ್ಟಿಗೆ ಒಳ್ಳೇದು ರೀ" ಅಂದಿದ್ದರು. ಸೀಳಿದೆ, ಒಂದು ರಾತ್ರಿ ನೀರಲ್ಲಿಟ್ಟೆ, ಅಡಿ ಹೆಣೆದೆ. ಅಲ್ಲಿವರೆಗೆ ಚೆನ್ನಾಗಿತ್ತು. ಕಡ್ಡಿಗಳನ್ನು ಮೇಲಕ್ಕೆ ಬಗ್ಗಿಸುವಾಗ ಒಂದಾದ ಮೇಲೊಂದು ಟಕ್, ಟಕ್. ಹದಿನಾರರಲ್ಲಿ ಹನ್ನೊಂದು ಹೋದವು. ಅಂಗೈ ತುಂಬ ಸಿಬಿರು.

ಎಲ್ಲಿ ತಪ್ಪಿದೆ? ಬೈದರೂ ಪರವಾಗಿಲ್ಲ.

ಊರು ಬಿಟ್ಟವ (ವಿಜಯಪುರದವ, ಈಗ ಪುಣೆ)

ಆನ್‌ಲೈನ್‌ನಲ್ಲಿ ಬೆತ್ತದ ಬುಟ್ಟಿ ಸಿಗುತ್ತದೆ, ಎರಡು ದಿನದಲ್ಲಿ ಮನೆಗೆ ಬರುತ್ತದೆ. ಹನ್ನೊಂದು ಕಡ್ಡಿ ಮುರಿದುಕೊಳ್ಳುವ ಉಸಾಬರಿ ಯಾಕೆ ಮಾರಾಯಾ?

ಬುಟ್ಟಿ ಓಣಿ (ಗೋಕಾಕ)

ಬೈಯುವುದಿಲ್ಲ. ಮೊದಲ ಬುಟ್ಟಿಯಲ್ಲೇ ಅಡಿ ಹೆಣೆದಿದ್ದೀರಿ, ಅದೇ ದೊಡ್ಡದು. ನಮ್ಮದು ಮೇದಾರ ಮನೆ. ನಾನು ಈಗ ಬೇರೆ ಕೆಲಸದಲ್ಲಿದ್ದೇನೆ, ಅಪ್ಪ ಇನ್ನೂ ಕೂತು ಹೆಣೆಯುತ್ತಾರೆ. ನಿಮ್ಮ ಬರಹ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಬೊಂಬು ಹಸರಿತ್ತೋ ಹಳದಿ ಇತ್ತೋ ಕೇಳು."

ಹಳದಿ ಅಂತ ನನಗೆ ಗ್ಯಾರಂಟಿ. ಅಂಗಡಿಯಲ್ಲಿ ನಿಲ್ಲಿಸಿರುವುದು ಮನೆ ಕಟ್ಟುವಾಗ ಸೆಂಟ್ರಿಂಗ್‌ಗೆ ಕೊಡುವ ಬಿದಿರು. ಚೆನ್ನಾಗಿ ಬಲಿತು, ತಿಂಗಳುಗಟ್ಟಲೆ ಒಣಗಿದ್ದು. ಭಾರ ಹೊರುತ್ತದೆ, ಆದರೆ ಬಗ್ಗುವುದಿಲ್ಲ. ಒಮ್ಮೆ ಪೂರ್ತಿ ಒಣಗಿದ ಬಿದಿರನ್ನು ಒಂದು ರಾತ್ರಿಯಲ್ಲ, ಒಂದು ವಾರ ನೆನೆಸಿದರೂ ಹಸಿ ಬಿದಿರಿನ ಗುಣ ಬರುವುದಿಲ್ಲ. ಬುಟ್ಟಿಗೆ ಎರಡು ವರ್ಷದ ಆಸುಪಾಸಿನ ಎಳೆ ಬಿದಿರು ಬೇಕು, ಕಡಿದ ಕೆಲವೇ ದಿನಗಳಲ್ಲಿ ಸೀಳಬೇಕು.

ಇನ್ನೊಂದು ವಿಷಯ ಸೀಳುವುದು. ನೀವು ಸೀಳಿದ ಕಡ್ಡಿ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳ್ಳಗೆ ಬಂದಿರಬೇಕು, ಅಲ್ವಾ? ಸೀಳು ಯಾವ ಕಡೆ ಓಡುತ್ತದೆ ಅಂತ ಕತ್ತಿಗೆ ಗೊತ್ತಿರುವುದಿಲ್ಲ, ಕೈಗೆ ಗೊತ್ತಿರಬೇಕು. ಸೀಳುತ್ತಾ ಹೋದಂತೆ ಎಡಗಡೆಯದು ತೆಳ್ಳಗಾಗುತ್ತಿದೆ ಅಂದರೆ ಕತ್ತಿ ಬಿಡಿ. ಎರಡು ಸೀಳನ್ನೂ ಎರಡು ಕೈಯಲ್ಲಿ ಹಿಡಿಯಿರಿ. ದಪ್ಪಗಿರುವ ಕಡೆಯನ್ನು ಜಾಸ್ತಿ ಬಗ್ಗಿಸಿ ಎಳೆಯಿರಿ. ಸೀಳು ತಾನಾಗೇ ದಪ್ಪನೆಯ ಕಡೆಗೆ ತಿರುಗಿ ನಡುವಿಗೆ ಬರುತ್ತದೆ. ತೆಳ್ಳಗಿನದನ್ನು ಎಳೆದರೆ ಅದು ಇನ್ನೂ ತೆಳ್ಳಗಾಗಿ ಹರಿದೇ ಹೋಗುತ್ತದೆ. ನಾನು ಚಿಕ್ಕವನಿದ್ದಾಗ ಇದೊಂದನ್ನು ಕಲಿಯಲು ಒಂದು ಬೇಸಿಗೆ ರಜೆ ಹಿಡಿಯಿತು.

ಹೊರಗಿನ ಹಸಿರು ಸಿಪ್ಪೆಯ ಕಡೆ ಎಳೆ ದಟ್ಟವಾಗಿರುತ್ತದೆ, ಗಟ್ಟಿ ಇರುವುದು ಅಲ್ಲೇ. ಒಳಗಿನ ಬಿಳಿ ಭಾಗ ಸುಮ್ನೆ ತೂಕ. ಅದನ್ನು ಕೆತ್ತಿ ತೆಗೆಯಿರಿ. ನಾಣ್ಯದಷ್ಟು ತೆಳ್ಳಗಾದರೆ ಸಾಕು. ಬಗ್ಗಿಸುವಾಗ ಸಿಪ್ಪೆಯ ಮೈ ಹೊರಗಡೆ ಇರಲಿ.

ಗುಡ್ಡದ ಸಾಲು

ಹಳದಿಯೇ ಇತ್ತು! ಸಿಪ್ಪೆಯನ್ನೂ ನಾನು ಒಳಗಡೆ ಹಾಕಿದ್ದೆ, ನುಣುಪು ಇರಲಿ, ಹಣ್ಣಿಗೆ ಚುಚ್ಚದಿರಲಿ ಅಂತ. ಎರಡೂ ಉಲ್ಟಾ.

ಹಸಿ ಬಿದಿರು ನಮ್ಮ ಕಡೆ ಎಲ್ಲಿಂದ ತರುವುದು ಅಣ್ಣಾರೆ? ನಮ್ಮ ಗುಡ್ಡದಲ್ಲಿರುವುದು ಕೆಂಪು ಕಲ್ಲು, ಸೀತಾಫಲ, ಕವಳಿ ಕಂಟಿ. ಬಿದಿರು ಇಲ್ಲ.

ಜಾಂಬೋಟಿ ಮಳೆ (ಖಾನಾಪುರ ತಾಲೂಕು)

ನಮ್ಮ ಕಡೆ ಬಂದು ಬಿಡಿ, ಬಿದಿರಿಗೇನು ಬರವಿಲ್ಲ. ಆದರೆ ಕಾಡಿನದನ್ನು ಮುಟ್ಟಬೇಡಿ. ಭೀಮಗಡ 2011ರಲ್ಲಿ ವನ್ಯಜೀವಿಧಾಮ ಆಯಿತು, ಅದರೊಳಗಿಂದ ಒಂದು ಕಡ್ಡಿ ತಂದರೂ ತಪ್ಪೇ. ರೈತರು ಹೊಲದ ಬದುವಿನಲ್ಲಿ ಬೆಳೆಸಿದ್ದನ್ನು ಕೇಳಿ ಕೊಳ್ಳಬಹುದು. 2017ರಲ್ಲಿ ಕೇಂದ್ರ ಸರ್ಕಾರ 1927ರ ಅರಣ್ಯ ಕಾಯ್ದೆಯನ್ನು ತಿದ್ದಿತು. ಕಾಡಿನ ಹೊರಗೆ ಬೆಳೆದ ಬಿದಿರು "ಮರ" ಅಲ್ಲ ಅಂತಾಯಿತು. ಅದಕ್ಕೂ ಮುಂಚೆ ಹುಲ್ಲಿನ ಜಾತಿಯ ಗಿಡವನ್ನು ಕಾನೂನು ಮರ ಅಂತ ಕರೆಯುತ್ತಿತ್ತು, ನೋಡಿ. ನಮ್ಮ ರಾಜ್ಯಕ್ಕೆ 1963ರದ್ದೇ ಬೇರೆ ಕಾಯ್ದೆ ಇದೆ. ಆದ್ದರಿಂದ ಗಾಡಿಯಲ್ಲಿ ಹಾಕಿಕೊಂಡು ಹೊರಡುವ ಮುಂಚೆ ಅಲ್ಲಿನ ಅರಣ್ಯ ಇಲಾಖೆಯವರನ್ನು ಒಂದು ಮಾತು ಕೇಳುವುದು ವಾಸಿ.

ಬಿದಿರ ಕಡೆ ನೋಡುವಾಗ ಜಾತಿಯನ್ನೂ ನೋಡಿ. ಮುಳ್ಳಿರುವ ಹೆಬ್ಬಿದಿರು ಬೇರೆ, ಒಳಗೆ ಹೆಚ್ಚುಕಡಿಮೆ ಗಟ್ಟಿ ಇರುವ ಕಿರುಬಿದಿರು ಬೇರೆ. ಹೆಬ್ಬಿದಿರಿಗೆ ಒಂದು ವಿಚಿತ್ರ ಗುಣ ಇದೆ. ನಲವತ್ತು ವರ್ಷ ದಾಟಿದ ಮೇಲೆ ಒಮ್ಮೆ ಹೂ ಬಿಡುತ್ತದೆ. ಸುತ್ತಲಿನದೆಲ್ಲ ಒಟ್ಟಿಗೆ ಹೂ ಬಿಟ್ಟು ಒಟ್ಟಿಗೆ ಒಣಗುತ್ತದೆ. ಆ ವರ್ಷ ಜನ ಬಿದಿರಕ್ಕಿ ಗುಡಿಸಿ ತರುತ್ತಾರೆ. ತುಂಬಲು ಬುಟ್ಟಿ ಇರುತ್ತದೆ, ಮುಂದಿನ ಬುಟ್ಟಿಗೆ ಬಿದಿರು ಇರುವುದಿಲ್ಲ.

ಕರಿ ಎರೆ (ಬಸವನ ಬಾಗೇವಾಡಿ)

ಸಾಲು ತಮ್ಮಾ, ಖಾನಾಪುರದವರೆಗೆ ಯಾಕೆ ಹೋಗುತ್ತೀ? ತೊಗರಿ ಕಟಿಗಿ ಮರೆತೆಯಾ? ನಮ್ಮ ಕಡೆ ಹೆಡಿಗೆ, ಕಸದ ಬುಟ್ಟಿ, ಕುರಿಮರಿ ಮುಚ್ಚುವ ಬುಟ್ಟಿ, ಚಕ್ಕಡಿಯ ತಟ್ಟಿ, ಎಲ್ಲ ಅದರಲ್ಲೇ ಆಗುತ್ತಿತ್ತು. ಈಗ ತೊಗರಿ ಕೊಯ್ಲು ನಡೆದಿದೆ. ಯಾರ ಹೊಲಕ್ಕಾದರೂ ಹೋಗಿ ಕೇಳು, ಒಂದು ಹೊರೆ ಪುಕ್ಕಟೆ ಕೊಡುತ್ತಾರೆ. ಇಲ್ಲ ಅಂದರೆ ಒಲೆಗೆ ಹೋಗುತ್ತದೆ.

ಬುಡದ ದಪ್ಪ ಕಟಿಗಿ ಬೇಡ. ಮೇಲಿನ ಕವಲು ನೋಡಿ ಆರಿಸು. ಪೆನ್ಸಿಲಿಗಿಂತ ಸಣ್ಣದು, ಉದ್ದ, ಗಂಟು ಕಡಿಮೆ. ಕೊಯ್ದು ವಾರ ದಾಟಿದರೆ ಅದೂ ಪಟ್ ಅಂತ ಮುರಿಯುತ್ತದೆ.

ಮಗ್ಗದ ಮನೆ (ಗುಳೇದಗುಡ್ಡ)

ನಮ್ಮೂರ ಪಕ್ಕದವರೇ ಸಿಕ್ಕಿರಿ, ಸಂತೋಷ. ನಮ್ಮದು ಖಣದ ಮಗ್ಗ, ಬುಟ್ಟಿ ಗೊತ್ತಿಲ್ಲ. ಆದರೆ ಒಂದು ಮಾತು ಕಣ್ಣಿಗೆ ಬಿತ್ತು. "ಹದಿನಾರರಲ್ಲಿ ಹನ್ನೊಂದು" ಅಂದಿರಿ. ಹದಿನಾರು ನಿಂತ ಕಡ್ಡಿ ಇಟ್ಟುಕೊಂಡು ಒಂದೇ ಎಳೆಯಲ್ಲಿ ಸುತ್ತು ಹೊಡೆದಿರೇನು?

ಮಗ್ಗದಲ್ಲಿ ಹೊಕ್ಕಿನ ಎಳೆ (ಅಡ್ಡ ಎಳೆ) ಹೋಗಿ ವಾಪಸ್ ಬರುತ್ತದೆ, ಬರುವಾಗ ಹಾಸಿನ ಎಳೆ (ಉದ್ದ ಎಳೆ) ಮೇಲೆ ಕೆಳಗೆ ಬದಲಾಗಿರುತ್ತದೆ. ಬುಟ್ಟಿಯಲ್ಲಿ ವಾಪಸ್ ಬರುವುದೇ ಇಲ್ಲ, ಸುತ್ತುತ್ತಲೇ ಇರುತ್ತದೆ. ಸರಿ ಸಂಖ್ಯೆ ಇದ್ದರೆ ಎರಡನೇ ಸುತ್ತಿನಲ್ಲೂ ಅದೇ ಕಡ್ಡಿಯ ಮುಂದೆ ಬರುತ್ತದೆ, ಅದೇ ಕಡ್ಡಿಯ ಹಿಂದೆ ಹೋಗುತ್ತದೆ. ಹಾಗಾದರೆ ನೇಯ್ಗೆಯೇ ಆಗುವುದಿಲ್ಲ. ಬೆಸ ಸಂಖ್ಯೆ ಬೇಕು. ಹದಿನೈದು ಇಲ್ಲವೇ ಹದಿನೇಳು.

ಗುಡ್ಡದ ಸಾಲು

ಅಯ್ಯೋ, ಹೌದು ಕಾಕಾ! ಅದಕ್ಕೇ ಪ್ರತಿ ಸುತ್ತಿನಲ್ಲೂ ಒಂದು ಕಡೆ ಎರಡು ಕಡ್ಡಿ ಹಾರಿಸಿ ಹಾರಿಸಿ ಹೋಗುತ್ತಿದ್ದೆ. ಯಾಕೆ ಹಾಗಾಗುತ್ತದೆ ಅಂತ ತಿಳಿಯದೆ ಎಣಿಕೆಯನ್ನೇ ಬೈದುಕೊಂಡೆ.

ಬುಟ್ಟಿ ಓಣಿ

ಮಗ್ಗದವರು ಹೇಳಿದ್ದು ಸರಿ. ಹದಿನಾರೇ ಬೇಕೆಂದರೆ ಒಂದರ ಬದಲು ಎರಡು ಎಳೆ ಹಿಡಿಯಿರಿ. ಒಂದು ಮುಂದೆ, ಒಂದು ಹಿಂದೆ. ಪ್ರತಿ ಕಡ್ಡಿ ದಾಟಿದ ಮೇಲೆ ಎರಡನ್ನೂ ಒಂದಕ್ಕೊಂದು ತಿರುವಿ. ಆಗ ಸರಿ ಬೆಸ ಅನ್ನುವ ಗೋಳೇ ಇಲ್ಲ, ಬಿಗಿಯೂ ಜಾಸ್ತಿ. ಅಡಿಯ ಮೊದಲ ಮೂರು ನಾಲ್ಕು ಸುತ್ತು ಹೀಗೇ ಮಾಡಿ. ಮೇಲೆ ಬೇಕಾದರೆ ಒಂಟಿ ಎಳೆ.

ಹದಿನೇಳನೇ ಕಡ್ಡಿ ಎಲ್ಲಿಂದ ತರುವುದು ಅಂತ ಕೇಳುತ್ತೀರಿ, ಗೊತ್ತು. ಎಂಟು ಉದ್ದ ಕಡ್ಡಿ ಅಡ್ಡಡ್ಡ ಇಟ್ಟರೆ ಹದಿನಾರು ತುದಿ. ಒಂದು ಅರ್ಧ ಕಡ್ಡಿಯನ್ನು ಚೂಪು ಮಾಡಿ ಅಡಿಯ ಹೆಣಿಗೆಯೊಳಗೆ ತುರುಕಿ. ಹದಿನೇಳಾಯಿತು.

ಗಣಿತ ಮಾಸ್ತರ (ಬಾಗಲಕೋಟೆ)

ಉದ್ದ ಎಷ್ಟು ಅಂತ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಒಂದು ಕಡ್ಡಿ ಒಂದು ಬದಿಯಿಂದ ಇಳಿದು, ಅಡಿ ದಾಟಿ, ಇನ್ನೊಂದು ಬದಿಗೆ ಏರುತ್ತದೆ. ಹಾಗಾಗಿ ಅಡಿಯ ಅಗಲ ಒಂದು ಸಲ, ಎತ್ತರ ಎರಡು ಸಲ, ಮೇಲೆ ಅಂಚು ಮಡಚಲು ಬಿಡುವುದು ಎರಡು ಸಲ. ಅಡಿ 9 ಇಂಚು, ಎತ್ತರ 8 ಇಂಚು, ಅಂಚಿಗೆ 7 ಇಂಚು ಅಂತ ಇಟ್ಟುಕೊಳ್ಳಿ. 9, 16, 14, ಒಟ್ಟು 39 ಇಂಚು. ಒಂದು ಮೊಳ 18 ಇಂಚು. ಅಂದರೆ ಎರಡು ಮೊಳ ನಾಲ್ಕು ಬೆರಳು.

ಅಂಚಿಗೆ ಬಿಡುವುದರಲ್ಲಿ ಜಿಪುಣತನ ಬೇಡ. ನನ್ನ ಮನೆಯಾಕೆ ಶಾಲೆಯ ದಿನಗಳಲ್ಲಿ ಪ್ಲಾಸ್ಟಿಕ್ ವೈರಿನ ಬುಟ್ಟಿ ಹೆಣೆದವಳು. "ಕೊನಿಗೆ ವೈರ್ ಸಾಲದ ಬುಟ್ಟಿ ನಮ್ಮ ಮನ್ಯಾಗ ಇನ್ನೂ ಮೂರದಾವ" ಅನ್ನುತ್ತಾಳೆ.

ಊರು ಬಿಟ್ಟವ

ನನ್ನ ಮೊದಲ ಮಾತು ಸ್ವಲ್ಪ ಒರಟಾಯಿತು. ಆದರೆ ನಿಜವಾಗಿ ಕೇಳುತ್ತೇನೆ. ಮೇದಾರರ ಕಸುಬು ಮೊದಲೇ ಕುಸಿದಿದೆ. ಎಲ್ಲರೂ ಹವ್ಯಾಸಕ್ಕೆ ಅಂತ ತಾವೇ ಹೆಣೆದುಕೊಂಡರೆ ಅವರ ಗತಿ? ಅವರ ಹತ್ತಿರ ಕೊಳ್ಳುವುದೇ ಸರಿಯಲ್ವಾ?

ಬುಟ್ಟಿ ಓಣಿ

ನಮ್ಮ ಪರವಾಗಿ ಕೇಳಿದ್ದಕ್ಕೆ ಖುಷಿ. ಆದರೆ ನಮ್ಮ ಹೊಟ್ಟೆಯ ಮೇಲೆ ಹೊಡೆದದ್ದು ಹವ್ಯಾಸದವರಲ್ಲ, ಪ್ಲಾಸ್ಟಿಕ್ ಪುಟ್ಟಿ. ಮದುವೆಗೆ ಮೊರ, ತೊಟ್ಟಿಲು, ಕೊನೆಗೆ ಚಟ್ಟದ ಬಿದಿರು, ಇವಕ್ಕೆ ಮಾತ್ರ ಜನ ಇನ್ನೂ ನಮ್ಮ ಓಣಿಗೆ ಬರುತ್ತಾರೆ. ರೊಟ್ಟಿ ಬುಟ್ಟಿಗೆ ಬರುವವರು ಕಡಿಮೆಯಾದರು.

ಇವರು ಒಂದು ಬುಟ್ಟಿ ಹೆಣೆಯಲಿ. ಹೆಣೆದವರು ಆಮೇಲೆ ನಮ್ಮ ಕಟ್ಟೆಗೆ ಬಂದು "ಇಷ್ಟಕ್ಕೆ ಇಷ್ಟು ರೊಕ್ಕಾ?" ಅಂತ ಕೇಳಿದ್ದನ್ನು ನಾನಂತೂ ನೋಡಿಲ್ಲ. ಚೌಕಾಸಿ ಮಾಡುವವರೆಲ್ಲ ಯಾವತ್ತೂ ಕತ್ತಿ ಹಿಡಿಯದವರು.

ನಮ್ಮ ಮನೆಯ ಗೋಡೆಯ ಮೇಲೆ ಮೇದರ ಕೇತಯ್ಯನ ಪಟ ಇದೆ. ಹನ್ನೆರಡನೇ ಶತಮಾನದ ಶರಣ, ಗವರೇಶ್ವರ ಅಂತ ಅಂಕಿತ, ಕಾಯಕ ಬಿದಿರಿನದು. ಅಪ್ಪ ಬೆಳಿಗ್ಗೆ ಕತ್ತಿ ಮಸೆಯುವ ಮುಂಚೆ ಅದಕ್ಕೆ ಕೈ ಮುಗಿಯುತ್ತಾರೆ. ಕಲಿಯಲು ಬಂದವರನ್ನು ವಾಪಸ್ ಕಳಿಸಿದ್ದಿಲ್ಲ. ಬೈದು ಕಲಿಸುತ್ತಾರೆ, ಅಷ್ಟೇ.

ಊರು ಬಿಟ್ಟವ

ಸರಿ. ಮುಂದಿನ ಸಲ ಊರಿಗೆ ಬಂದಾಗ ನಿಮ್ಮ ಓಣಿಯಿಂದ ಒಂದು ರೊಟ್ಟಿ ಬುಟ್ಟಿ. ಚೌಕಾಸಿ ಇಲ್ಲ.

ಗುಡ್ಡದ ಸಾಲು

ಎರಡನೇ ಬುಟ್ಟಿಯ ಕಥೆ. ಪಕ್ಕದ ಹೊಲದಲ್ಲಿ ತೊಗರಿ ಕೊಯ್ದ ದಿನವೇ ಹೋಗಿ ಒಂದು ಹೊರೆ ತಂದೆ. ನಿಂತ ಕಡ್ಡಿಗೆ ಹಳ್ಳದ ದಂಡೆಯ ಲಕ್ಕಿ ಗಿಡದ ಸಣ್ಣ ಟೊಂಗೆ ಕೊಯ್ದೆ. ಹಸಿ ಲಕ್ಕಿ ಎಷ್ಟು ಚೆನ್ನಾಗಿ ಬಗ್ಗುತ್ತದೆ! ಕೈಗೆಲ್ಲ ಆ ವಾಸನೆ, ಎರಡು ದಿನ ಹೋಗಲಿಲ್ಲ. ನಾಲ್ಕು ಕಡ್ಡಿಯ ನಡುವನ್ನು ಚಾಕುವಿನಿಂದ ಸೀಳಿ, ಉಳಿದ ನಾಲ್ಕನ್ನು ಆ ಸೀಳಿನೊಳಗೆ ತೂರಿಸಿದೆ. ಹೀಗೆ ಮಾಡಿದರೆ ಅಡಿ ಜಾರುವುದಿಲ್ಲ. ಎರಡು ಎಳೆ ತಿರುವುತ್ತಾ ಅಡಿ ಮುಗಿಸಿದೆ. ಮೇಲಕ್ಕೆ ಬಗ್ಗಿಸಿದೆ. ಒಂದೂ ಮುರಿಯಲಿಲ್ಲ. ಸಂಜೆ ಹೊತ್ತಿಗೆ ಬುಟ್ಟಿ ಆಯಿತು. ಅವ್ವನಿಗೆ ತೋರಿಸಿದೆ, ಓಣಿಯವರಿಗೆಲ್ಲ ತೋರಿಸಿದೆ.

ಎಂಟು ದಿನ ಆಯಿತು. ಈಗ ಬುಟ್ಟಿ ಅಲ್ಲಾಡಿಸಿದರೆ ಕಟಕಟ ಸದ್ದು. ಸುತ್ತುಗಳ ನಡುವೆ ಬೆರಳು ಹೋಗುತ್ತದೆ. ನಿನ್ನೆ ಬಾರಿ ಹಣ್ಣು ತುಂಬಿ ತಂದೆ, ದಾರಿಯುದ್ದಕ್ಕೂ ಹಣ್ಣು ಉದುರಿಸುತ್ತಾ ಬಂದಿದ್ದೇನೆ. ಹಿಂದೆ ಬಂದ ಹುಡುಗರು ತಿನ್ನುತ್ತಾ ಬಂದರು. ಇದರ ಮೇಲೆ ಅಂಚಿನಲ್ಲಿ ಉಳಿದಿದ್ದ ಎಲೆಯನ್ನು ಆಡು ಎಳೆದು ಒಂದು ಮೂಲೆಯನ್ನೇ ಬಿಚ್ಚಿದೆ.

ಕರಿ ಎರೆ

ಹ್ಹ ಹ್ಹ. ತೊಗರಿ ಎಲೆ ಕಂಡರೆ ಆಡು ಬಿಡುತ್ತದೆಯೇ? ತಪ್ಪು ನಂದೇ. ಒಣಗಿದ್ದು ಬೇಡ ಅಂದೆ, ತೀರ ಹಸಿ ಬೇಡ ಅನ್ನಲಿಲ್ಲ.

ಬುಟ್ಟಿ ಓಣಿ

ಹಸಿ ಕಡ್ಡಿಯ ಮೈಯಲ್ಲಿ ನೀರು ತುಂಬಿರುತ್ತದೆ. ಒಣಗಿದಾಗ ಕಡ್ಡಿ ಉದ್ದದಲ್ಲಿ ಕುಗ್ಗುವುದಿಲ್ಲ, ದಪ್ಪದಲ್ಲಿ ಕುಗ್ಗುತ್ತದೆ. ಪ್ರತಿ ಸುತ್ತು ಒಂದು ಕೂದಲಷ್ಟು ಸಣ್ಣದಾದರೂ ಇಪ್ಪತ್ತು ಸುತ್ತಿಗೆ ಲೆಕ್ಕ ಹಾಕಿ. ಎಲ್ಲ ಜಾಗ ಅಲ್ಲೇ ಬಿಟ್ಟುಕೊಂಡಿತು.

ಕೊಯ್ದ ಮೇಲೆ ಎಲೆ ಸವರಿ ನೆರಳಿನಲ್ಲಿ ಮೂರು ನಾಲ್ಕು ದಿನ ಹಾಕಿ. ಬಿಸಿಲು ಬೇಡ. ಬಾಡಬೇಕು, ಒಣಗಬಾರದು. ಬೆರಳಿಗೆ ಸುತ್ತಿ ನೋಡಿ. ಸಿಪ್ಪೆ ಸುಕ್ಕಾಗಬೇಕು, ಬಿರುಕು ಬಿಡಬಾರದು. ಹೆಣೆಯುವ ಮುಂಚೆ ಒದ್ದೆ ಗೋಣಿಚೀಲದಲ್ಲಿ ಒಂದು ತಾಸು ಸುತ್ತಿಡಿ. ಬಕೆಟ್ಟಿನಲ್ಲಿ ಮುಳುಗಿಸಿದರೆ ಮತ್ತೆ ಉಬ್ಬಿ ಅದೇ ಕಥೆ.

ಹೆಣೆಯುವಾಗ ಪ್ರತಿ ಎರಡು ಸುತ್ತಿಗೊಮ್ಮೆ ನಿಲ್ಲಿಸಿ ಕೆಳಕ್ಕೆ ಬಡಿಯಿರಿ. ಅಪ್ಪ ಕತ್ತಿಯ ಹಿಂಬದಿಯಿಂದ ಬಡಿಯುತ್ತಾರೆ. ನೀವು ಸಣ್ಣ ಕಟ್ಟಿಗೆ ತುಂಡು ಇಟ್ಟುಕೊಳ್ಳಿ.

ಅವ್ವನ ರೊಟ್ಟಿ (ವಿಜಯಪುರ)

ಗಂಡಸರೆಲ್ಲ ಹೆಣೆಯುವುದನ್ನೇ ಹೇಳುತ್ತಿದ್ದೀರಿ, ಒಳಗೆ ಏನು ತುಂಬುತ್ತೀರಿ ಅಂತ ಯಾರೂ ಕೇಳಲಿಲ್ಲ! ತಮ್ಮಾ, 9 ಇಂಚು ಅಡಿ, 8 ಇಂಚು ಎತ್ತರ, ಇದು ಉಳ್ಳಾಗಡ್ಡಿ ತರುವ ಬುಟ್ಟಿ. ಪಲ್ಲೆಗೆ ಬೇಕಾದದ್ದು ಅಗಲ. ಆಳ ಬೇಡ.

ನಮ್ಮವ್ವ ಕಡ್ಲಿ ಪಲ್ಲೆ ಚಿವುಟಲು ಹೋಗುವಾಗ ಒಂದು ಗೇಣೂ ಆಳವಿಲ್ಲದ ಬುಟ್ಟಿ ಒಯ್ಯುತ್ತಿದ್ದಳು. ಎಳೆ ಕುಡಿ ಒಂದರ ಮೇಲೊಂದು ಬಿದ್ದರೆ ತಳದ್ದು ಬಿಸಿಯಾಗಿ ಕಪ್ಪಾಗುತ್ತದೆ. ಹಕ್ಕರಕಿಯಂತೂ ಹಸಿಯಾಗೇ ರೊಟ್ಟಿಯ ಜೊತೆ ತಿನ್ನುವುದು. ಬಾಡಿದರೆ ಅದರಲ್ಲಿ ಏನಿದೆ? ಗುರೆಳ್ಳು ಚಟ್ನಿಗೂ ಬೇಸರ.

ಬಾರಿ ಹಣ್ಣಿಗೆ ಬೇರೆ ಲೆಕ್ಕ. ಮುಳ್ಳಿನ ಗಿಡ. ಒಂದು ಕೈ ಟೊಂಗೆ ಹಿಡಿಯಬೇಕು, ಒಂದು ಕೈ ಹಣ್ಣು ಕೀಳಬೇಕು. ಬುಟ್ಟಿ ಹಿಡಿಯಲು ಮೂರನೇ ಕೈ ಎಲ್ಲಿದೆ? ಸಣ್ಣ ಬುಟ್ಟಿ, ಒಂದು ಮೈ ಚಪ್ಪಟೆ, ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು ಮಾಡು. ಅಂಚಿನ ಕೆಳಗೆ ಎರಡು ಕಡೆ ಹಗ್ಗ ಪೋಣಿಸಲು ಜಾಗ ಬಿಡು. ಅಂಚಿಗೇ ಕಟ್ಟಿದರೆ ಭಾರಕ್ಕೆ ಅಂಚು ಕಿತ್ತು ಬರುತ್ತದೆ. ನನ್ನದು ಬಂದಿದೆ, ಅದೂ ಎಳ್ಳಮಾಸಿಯ (ಎಳ್ಳು ಅಮಾವಾಸ್ಯೆಯ) ದಿನ, ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಲು ಒಯ್ದ ಬುತ್ತಿಯ ಸಮೇತ. ಕರಿಗಡಬು ಎಲ್ಲ ಮಣ್ಣಿಗೆ. ಭೂಮಿತಾಯಿ ಆ ವರ್ಷ ನಮಗಿಂತ ಮುಂಚೆ ಉಂಡಳು.

ಜಾಂಬೋಟಿ ಮಳೆ

ಅಕ್ಕಾರು ಹೇಳಿದ್ದು ಅಣಬೆಗೆ ಇನ್ನೂ ಜಾಸ್ತಿ ಸಲ್ಲುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಹುತ್ತದ ಸುತ್ತ ಅಣಬೆ ಏಳುತ್ತದೆ. ಪ್ಲಾಸ್ಟಿಕ್‌ನಲ್ಲಿ ತಂದರೆ ಸಂಜೆಗೆ ಅಂಟಂಟು. ಅಗಲ ಬುಟ್ಟಿಯಲ್ಲಿ ಎಲೆ ಹಾಸಿ ಒಂದೇ ಪದರ ಇಡುತ್ತೇವೆ, ಅಣಬೆಯ ಕಾಲಿನ ಮಣ್ಣನ್ನು ಅಲ್ಲೇ ಕೆರೆದು. ಇಲ್ಲ ಅಂದರೆ ಮಣ್ಣೆಲ್ಲ ಟೋಪಿಯೊಳಗೆ ಸೇರುತ್ತದೆ.

ಸಂದಿ ಇರುವ ಬುಟ್ಟಿಯಲ್ಲಿ ಒಯ್ದರೆ ಬೀಜ ಉದುರಿ ದಾರಿಯುದ್ದಕ್ಕೂ ಅಣಬೆ ಹುಟ್ಟುತ್ತದೆ ಅಂತ ಒಂದು ಮಾತು ಓಡಾಡುತ್ತಿದೆ. ನಾನು ಅದನ್ನು ನಂಬುವುದಿಲ್ಲ. ಹುತ್ತದ ಅಣಬೆ ಗೆದ್ದಲಿನ ಗೂಡಿನೊಳಗೆ ಬೆಳೆದು ಮೇಲೆ ಬರುವಂಥದ್ದು. ದಾರಿಯ ಮೇಲೆ ಉದುರಿದರೆ ಏನು ಪ್ರಯೋಜನ? ಬುಟ್ಟಿ ಬೇಕಾದದ್ದು ಗಾಳಿಗೆ, ಅಷ್ಟೇ.

ಬಯಲು ಸೀಮೆಯವರು ಇದನ್ನು ಓದಿ ಅಣಬೆಗೆ ಹೊರಡಬೇಡಿ. ಬೆಳ್ಳಿ ನಾಣ್ಯ ಹಾಕಿ ಬೇಯಿಸಿದರೆ ವಿಷದ್ದು ಕಪ್ಪಾಗುತ್ತದೆ ಅನ್ನುವುದು ಸುಳ್ಳು. ಗುರುತು ಬಲ್ಲವರು ಜೊತೆಗಿದ್ದರೆ ಮಾತ್ರ ಕೈ ಹಾಕಿ.

ಗಣಿತ ಮಾಸ್ತರ

ಅಗಲ ಬುಟ್ಟಿ ಆದರೆ ಲೆಕ್ಕ ಬದಲಾಯಿತು. ಅಡಿ 14, ಎತ್ತರ 5, ಅಂಚು 7 ಹಿಡಿಯಿರಿ. 38 ಇಂಚು. ಹೆಚ್ಚುಕಡಿಮೆ ಅದೇ ಕಡ್ಡಿ ಸಾಕು! ಆದರೆ ಅಡಿ ಅಗಲವಾದಂತೆ ಕಡ್ಡಿಗಳ ನಡುವಿನ ಸಂದಿ ದೊಡ್ಡದಾಗುತ್ತದೆ. 9 ಇಂಚಿನ ಅಡಿಗೆ ಸುತ್ತಳತೆ ಸುಮಾರು 28 ಇಂಚು, ಹದಿನೇಳು ಕಡ್ಡಿಗೆ ಒಂದೂಮುಕ್ಕಾಲು ಇಂಚಿಗೂ ಕಡಿಮೆ ಸಂದಿ. 14 ಇಂಚಿನ ಅಡಿಗೆ ಸುತ್ತಳತೆ 44, ಸಂದಿ ಎರಡೂವರೆ ಇಂಚು ದಾಟುತ್ತದೆ. ಅಷ್ಟು ಅಂತರಕ್ಕೆ ತೊಗರಿ ಕಡ್ಡಿ ಜೋತು ಬೀಳುತ್ತದೆ. ಬುಟ್ಟಿಯ ಅಡಿ ಅರ್ಧ ಹೆಣೆದ ಮೇಲೆ ನಡುನಡುವೆ ಹೊಸ ಕಡ್ಡಿ ತುರುಕಬೇಕು. ಎಷ್ಟಾದರೂ ತುರುಕಿ, ಒಟ್ಟು ಮಾತ್ರ ಬೆಸ ಇರಲಿ.

ಮಗ್ಗದ ಮನೆ

ಮಾಸ್ತರರೇ, ನೀವು ಮಗ್ಗಕ್ಕೆ ಬನ್ನಿ, ಕೆಲಸ ಕೊಡುತ್ತೇನೆ.

ಗುಡ್ಡದ ಸಾಲು

ಮೂರನೆಯದು ಮುಗಿಯಿತು. ಒಂದು ವಾರ ಸುಮ್ನೆ ಇಟ್ಟು, ಒಣಗಿದ ಮೇಲೆ ಬರೆಯುತ್ತಿದ್ದೇನೆ. ಎರಡನೆಯದರ ಹಾಗೆ ಆಗಬಾರದು ಅಂತ.

ಲಕ್ಕಿ, ತೊಗರಿ ಎರಡನ್ನೂ ನಾಲ್ಕು ದಿನ ದನದ ಕೊಟ್ಟಿಗೆಯ ನೆರಳಲ್ಲಿ ಹಾಕಿದೆ. ಆಡನ್ನು ಬೇರೆ ಕಡೆ ಕಟ್ಟಿದೆ. ಮೂರನೇ ದಿನ ಬೆರಳಿಗೆ ಸುತ್ತಿ ನೋಡಿದೆ, ಸಿಪ್ಪೆ ಸುಕ್ಕಾಗಲಿಲ್ಲ. ನಾಲ್ಕನೇ ದಿನ ಆಯಿತು. ಗೋಣಿಚೀಲ ಒದ್ದೆ ಮಾಡಿ ಸುತ್ತಿಟ್ಟು ಚಹಾ ಕುಡಿದು ಬಂದು ಕೂತೆ.

ಅಡಿ ಅಗಲ ಮಾಡಿದೆ. ಎಂಟು ಕಡ್ಡಿ, ಹದಿನಾರು ತುದಿ. ಅಂಗೈಯಷ್ಟು ಅಡಿ ಆದ ಮೇಲೆ ಒಂಬತ್ತು ಹೊಸ ಕಡ್ಡಿ ತುರುಕಿದೆ. ಒಟ್ಟು ಇಪ್ಪತ್ತೈದು. ಇದರಲ್ಲಿ ಒಂದು ವಿಷಯ ಯಾರೂ ಹೇಳಿರಲಿಲ್ಲ, ನನಗೇ ಕಂಡಿತು. ತೊಗರಿ ಕಡ್ಡಿಗೆ ಬುಡ ದಪ್ಪ, ತುದಿ ಸಣ್ಣ. ಒಂದು ಕಡ್ಡಿ ಮುಗಿದು ಇನ್ನೊಂದು ಸೇರಿಸುವಾಗ ತುದಿಗೆ ತುದಿ, ಬುಡಕ್ಕೆ ಬುಡ ಸೇರಿಸಿದರೆ ಸುತ್ತು ಸಮ ಬರುತ್ತದೆ. ತುದಿಗೆ ಬುಡ ಸೇರಿಸಿದಲ್ಲೆಲ್ಲ ಗಂಟು ಎದ್ದು ಬುಟ್ಟಿ ಒಂದು ಕಡೆ ಏರುತ್ತದೆ. ಎರಡನೇ ಬುಟ್ಟಿ ಯಾಕೆ ಸೊಟ್ಟ ಇತ್ತು ಅಂತ ಆಗ ತಿಳಿಯಿತು.

ಮೇಲಕ್ಕೆ ಬಗ್ಗಿಸುವ ಮುಂಚೆ ಪ್ರತಿ ಕಡ್ಡಿಯನ್ನೂ ಅಡಿಯ ಅಂಚಿನಲ್ಲಿ ಉಗುರಿನಿಂದ ಒತ್ತಿ ಗುರುತು ಮಾಡಿದೆ. ಅಲ್ಲೇ ಮಡಚಿತು. ಎಲ್ಲವನ್ನೂ ಮೇಲೆ ಸೇರಿಸಿ ಹಗ್ಗದಿಂದ ಜುಟ್ಟಿನ ಹಾಗೆ ಕಟ್ಟಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಬಿಚ್ಚಿದರೆ ತಾವಾಗೇ ನಿಂತಿದ್ದವು. ಎರಡು ಸುತ್ತಿಗೊಮ್ಮೆ ಬಡಿದೆ. ಅಂಚಿಗೆ ಪ್ರತಿ ಕಡ್ಡಿಯನ್ನು ಬಲಗಡೆಯ ಎರಡು ಕಡ್ಡಿಯ ಹಿಂದೆ ಹಾಯಿಸಿ, ಮೂರನೆಯದರ ಮುಂದೆ ತಂದು ಒಳಗೆ ಸಿಕ್ಕಿಸಿದೆ. ಕೊನೆಯ ಮೂರು ಕಡ್ಡಿಗೆ ಜಾಗ ಹುಡುಕುವುದೇ ಅರ್ಧ ತಾಸು.

ನಿನ್ನೆ ಹೊಲಕ್ಕೆ ಒಯ್ದೆ. ಹಕ್ಕರಕಿ ತುಂಬಿಕೊಂಡು ಹನ್ನೊಂದಕ್ಕೆ ಹೊರಟು ಮಧ್ಯಾಹ್ನ ಮನೆಗೆ ಬಂದೆ. ಎಲೆ ಹಾಗೇ ಇತ್ತು. ಅವ್ವ ಮೂಸಲಿಲ್ಲ, ನೇರ ತೊಳೆಯಲು ಒಯ್ದಳು. ಬುಟ್ಟಿ ಮಾತ್ರ ಭಾರ. ಅಜ್ಜಿಯ ಬಿದಿರಿನ ಬುಟ್ಟಿ ಇದರ ಅರ್ಧವೂ ಇರಲಿಲ್ಲ.

ಕರಿ ಎರೆ

ಭಾರ ಇರುತ್ತದೆ ತಮ್ಮಾ, ಅದು ಕಟಿಗಿ, ಬಿದಿರಲ್ಲ. ಆದರೆ ಅದರ ಮೇಲೆ ಕೂತರೂ ಮುರಿಯುವುದಿಲ್ಲ. ನಮ್ಮ ದೊಡ್ಡಪ್ಪ ಹೊಲದಲ್ಲಿ ಬುಟ್ಟಿ ಬೋರಲು ಹಾಕಿ ಕೂತೇ ಬೀಡಿ ಸೇದುತ್ತಿದ್ದ.

ಅವ್ವನ ರೊಟ್ಟಿ

ಕುಟ್ಟೆ ಹುಳ ಬೀಳದಂತೆ ನೋಡಿಕೋ. ಒಲೆ ಇದ್ದರೆ ಹೊಗೆ ತಾಗುವಲ್ಲಿ ನೇತುಹಾಕು. ಯಾರಾದರೂ ಸಗಣಿ ಸಾರಿಸು, ಮೆಂತ್ಯ ಕಾಗದ ರುಬ್ಬಿ ಮೆತ್ತು ಅಂದರೆ ಕೇಳಬೇಡ. ಅದು ಕಾಳು ಹಿಟ್ಟು ಇಡುವ ಬುಟ್ಟಿಗೆ. ಪಲ್ಲೆ ಬುಟ್ಟಿಯ ಸಂದಿ ಮುಚ್ಚಿದರೆ ಮತ್ತೆ ನಿನ್ನ ಪ್ಲಾಸ್ಟಿಕ್ ಚೀಲವೇ ಆಯಿತು. ಸೊಂಟದ ಬುಟ್ಟಿ ಯಾವಾಗ?

ಗುಡ್ಡದ ಸಾಲು

ಮತ್ತೆ ಅರ್ಧ ಹೊರೆ ಹಸಿ ಕಡ್ಡಿ ತಂದಿದ್ದೇನೆ ಅಕ್ಕಾ, ಬಾಡಲು ಹಾಕಿದ್ದೇನೆ. ಬಾರಿ ಹಣ್ಣು ಮುಗಿಯುವುದರೊಳಗೆ ಮಾಡಬೇಕು.

ಬುಟ್ಟಿ ಓಣಿ

ಬುಟ್ಟಿ ಬೋರಲು ಹಾಕಿ ಅಡಿಯ ಫೋಟೊ ಕಳಿಸಿ. ಅಪ್ಪ ಮೇಲಿನದನ್ನು ನೋಡುವುದಿಲ್ಲ.

ಗುಡ್ಡದ ಸಾಲು

ಹಾಕಿದ್ದೇನೆ. ಭಯ ಆಗುತ್ತಿದೆ.

ಬುಟ್ಟಿ ಓಣಿ

ಫೋನನ್ನು ಮೂಗಿನ ಹತ್ತಿರ ಹಿಡಿದು ಐದು ನಿಮಿಷ ನೋಡಿದರು. "ಅರ್ಧ ಕಡ್ಡಿ ತುರುಕಿದಲ್ಲಿಂದ ಏಳನೇದರ ಹತ್ರ ಒಂದು ಎಳಿ ಹಾರ್ಯಾನ. ಬಿಚ್ಚಬ್ಯಾಡ ಅಂತ ಹೇಳು" ಅಂದರು.

ಗುಡ್ಡದ ಸಾಲು

ಬುಟ್ಟಿ ಮಡಿಲಲ್ಲಿಟ್ಟುಕೊಂಡು ಎಣಿಸಿದೆ. ಹಾರಿದೆ, ನಿಜ. ಆದರೆ ಅಪ್ಪಾಜಿಯವರಿಗೆ ಹೇಳಿ, ಏಳನೆಯದಲ್ಲ, ಎಂಟನೆಯದು.